ಅಮಿಗೊ ಅಂದ್ರೆ ದೋಸ್ತ: ಒಂದು ಸ್ಪ್ಯಾನಿಷ್ ಪದದ ಸುತ್ತ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿಯವನು. ಆನೆಗೊಂದಿ, ಸಣಾಪುರ, ಅಂಜನಾದ್ರಿ ನೋಡಲು ಬರುವ ಪರದೇಶದವರ ಜೊತೆ ತಿರುಗಾಡುವುದೇ ಹೊಟ್ಟೆಪಾಡು. ಸ್ಪೇನ್, ಅರ್ಜೆಂಟೀನಾ, ಮೆಕ್ಸಿಕೊ ಕಡೆಯವರು ಸಿಕ್ಕಾಗೆಲ್ಲ ಕೈಸನ್ನೆ ಮಾಡಿ ಮಾಡಿ ಸಾಕಾಗಿ ಸ್ಪ್ಯಾನಿಷ್ ಕಲಿಯಲು ಕೂತೆ. ಮೊದಲು ಹಿಡಿದ ಪದವೇ 'ಅಮಿಗೊ'. ಒಂದು ಪದ ತಾನೇ, ಎಷ್ಟೊತ್ತು ಅಂದುಕೊಂಡೆ. ಅದನ್ನು ಒಂದು ವಾಕ್ಯದಲ್ಲಿ ಸರಿಯಾಗಿ ಕೂರಿಸಲು ಹೋದಾಗ ಅರ್ಧ ವ್ಯಾಕರಣ ಎದ್ದು ಬಂತು. ಈಗ ಆಟೊ ಹೊಡೆಯುವ ಹುಡುಗರು, ಹರಿಗೋಲು ಹಾಕುವವರು, ಬಳ್ಳಾರಿಯಿಂದ ರಾಯಚೂರಿನಿಂದ ಫೋನ್ ಮಾಡುವ ಕಾಲೇಜು ಮಕ್ಕಳು ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇದೇ ಪ್ರಶ್ನೆಗಳನ್ನು. ಹೇಳಿದ್ದನ್ನೇ ಹೇಳುವ ಬದಲು ಬರೆದಿಟ್ಟಿದ್ದೇನೆ.

ಗೆಳೆಯನಿಗೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ?

ಗೆಳೆಯ 'ಅಮಿಗೊ', ಗೆಳತಿ 'ಅಮಿಗಾ', ಗೆಳೆಯರು 'ಅಮಿಗೊಸ್', ಗೆಳತಿಯರು 'ಅಮಿಗಾಸ್'. ಗೆಳೆತನ 'ಅಮಿಸ್ತಾದ್'. ಲ್ಯಾಟಿನ್‌ನ 'ಅಮಿಕುಸ್' ಇದರ ಮೂಲ. ಪ್ರೀತಿಸು ಎನ್ನುವ 'ಅಮಾರೆ' ಅದರ ಬಳಗದ್ದು. ವೈರಿಗೆ 'ಎನೆಮಿಗೊ' ಅಂತಾರೆ. ಮಿತ್ರ–ಅಮಿತ್ರ ಇದ್ದ ಹಾಗೆ, ಗೆಳೆಯನಲ್ಲದವನು ಅಂತಲೇ ಅದರ ಹುಟ್ಟು.

ಉಚ್ಚಾರ ಹೇಗೆ? ನಾವು ಹೇಳಿದರೆ ಅವರಿಗೆ ತಿಳಿಯುತ್ತಾ?

ತಿಳಿಯುತ್ತೆ, ಚೆನ್ನಾಗೇ ತಿಳಿಯುತ್ತೆ. ಇದರಲ್ಲಿ ನಮಗೆ ಇಂಗ್ಲಿಷರಿಗಿಂತ ಅನುಕೂಲ ಹೆಚ್ಚು. ಸ್ಪ್ಯಾನಿಷ್‌ನ ಐದೂ ಸ್ವರ (ಅ, ಎ, ಇ, ಒ, ಉ) ನಮ್ಮಲ್ಲಿವೆ. ಇಂಗ್ಲಿಷಿನವರು 'ಒ' ಅನ್ನಲು ಹೋಗಿ 'ಓವ್' ಅನ್ನುತ್ತಾರೆ, ನಾವು ಹಾಗೆ ಎಳೆಯುವುದಿಲ್ಲ. ಅವರ ತಕಾರ ದಕಾರ ನಮ್ಮ ತ, ದ ಇದ್ದ ಹಾಗೇ, ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. 'ನಿನ್ನ ಗೆಳೆಯ' ಅನ್ನಲು 'ತು ಅಮಿಗೊ' ಅನ್ನಿ. ಇಂಗ್ಲಿಷ್ ಶಾಲೆಯ ಅಭ್ಯಾಸದಲ್ಲಿ 'ಟು ಅಮಿಗೊ' ಅಂದುಬಿಡಬೇಡಿ.

ಎರಡು ಕಡೆ ಜಾಗ್ರತೆ ಬೇಕು. ಮೊದಲನೆಯದು ಒತ್ತು. ನಾವು ಪದದ ಮೊದಲ ಅಕ್ಷರಕ್ಕೆ ಒತ್ತು ಕೊಡುತ್ತೇವೆ, ಅವರು ಈ ಪದದಲ್ಲಿ 'ಮಿ'ಗೆ ಕೊಡುತ್ತಾರೆ: ಅ-ಮಿ-ಗೊ. ಸ್ವಲ್ಪ 'ಅಮೀಗೊ' ಅಂದ ಹಾಗೆ ಕೇಳುತ್ತೆ. ಸ್ವರದಲ್ಲೋ 'ನ್'ನಲ್ಲೋ 'ಸ್'ನಲ್ಲೋ ಮುಗಿಯುವ ಪದಕ್ಕೆ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಒತ್ತು ಎಂಬುದು ಅವರ ನಿಯಮ. 'ಅಮಿಸ್ತಾದ್' ದಕಾರದಲ್ಲಿ ಮುಗಿಯುವುದರಿಂದ ಒತ್ತು ಕೊನೆಗೆ ಬೀಳುತ್ತೆ. ಅದಕ್ಕೊಂದು ಉಕಾರ ಅಂಟಿಸಿ 'ಅಮಿಸ್ತಾದು' ಅನ್ನುವ ಚಟ ನಮ್ಮದು; ಬಸ್ಸು, ಕಾರು ಅಂದಂದು ಬಂದದ್ದು.

ಎರಡನೆಯದು 'ಗ'. ಎರಡು ಸ್ವರದ ನಡುವೆ ಬಂದಾಗ ಅವರು ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ, ಗಂಟಲಲ್ಲಿ ಗಾಳಿ ಸವರಿ ಬಿಡುತ್ತಾರೆ. ರಾಯಚೂರಿನ ಹುಡುಗರಿಗೆ ಇದನ್ನು ಹೇಳಿಕೊಡುವುದೇ ಬೇಡ. ಉರ್ದು ಬಲ್ಲವರು 'ಗಜಲ್' ಅನ್ನುವಾಗ ಬರುವ ಮೊದಲ ಸದ್ದನ್ನೇ ಇನ್ನಷ್ಟು ಸಡಿಲ ಮಾಡಿದರೆ ಆಯ್ತು.

ಗೆಳೆಯ–ಗೆಳತಿ ನಮ್ಮಲ್ಲೂ ಇದೆ. ಹಾಗಾದರೆ ಲಿಂಗದ ತಲೆನೋವು ಇಲ್ಲ ತಾನೇ?

ಪದದ ಮಟ್ಟಿಗೆ ಇಲ್ಲ, ವಾಕ್ಯದಲ್ಲಿ ಇದೆ. ನಾನು ತಿಂಗಳುಗಟ್ಟಲೆ ಒದ್ದಾಡಿದ್ದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕನ್ನಡದಲ್ಲಿ ಗಂಡು–ಹೆಣ್ಣು ಎಲ್ಲಿ ಕಾಣುತ್ತೆ? ಕ್ರಿಯಾಪದದಲ್ಲಿ. 'ಗೆಳೆಯ ಬಂದಾನ', 'ಗೆಳತಿ ಬಂದಾಳ'. ಗುಣ ಹೇಳುವ ಪದ ಮಾತ್ರ ಅಲ್ಲಾಡುವುದಿಲ್ಲ: 'ಒಳ್ಳೆ ಗೆಳೆಯ', 'ಒಳ್ಳೆ ಗೆಳತಿ'. ಸ್ಪ್ಯಾನಿಷ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಗೊಡವೆ ಇಲ್ಲ. 'ಮಿ ಅಮಿಗೊ ಬಿನೊ' ಅಂದರೆ ನನ್ನ ಗೆಳೆಯ ಬಂದ. 'ಮಿ ಅಮಿಗಾ ಬಿನೊ' ಅಂದರೆ ನನ್ನ ಗೆಳತಿ ಬಂದಳು. ಎರಡಕ್ಕೂ 'ಬಿನೊ'. (ಇದೇ ಪದಕ್ಕೆ ದ್ರಾಕ್ಷಿಯ ಮದ್ಯ ಎಂಬ ಅರ್ಥವೂ ಇದೆ. ಬರುವ ಗೆಳೆಯನ ಜೊತೆ ಅದೂ ಬಂತು ಅಂತ ನೆನಪಿಟ್ಟುಕೊಳ್ಳಿ.) ಆದರೆ ಗುಣ ಹೇಳುವ ಪದ, ಮುಂದಿನ 'ಒಬ್ಬ/ಒಬ್ಬಳು', 'ಆ' ಇವೆಲ್ಲ ಬದಲಾಗಲೇಬೇಕು. ಗೆಳೆಯ ದಣಿದಿದ್ದಾನೆ: 'ಮಿ ಅಮಿಗೊ ಎಸ್ತಾ ಕನ್ಸಾದೊ'. ಗೆಳತಿ ದಣಿದಿದ್ದಾಳೆ: 'ಮಿ ಅಮಿಗಾ ಎಸ್ತಾ ಕನ್ಸಾದಾ'. ಒಬ್ಬ ಗೆಳೆಯ 'ಉನ್ ಅಮಿಗೊ', ಒಬ್ಬ ಗೆಳತಿ 'ಉನಾ ಅಮಿಗಾ'.

ನಮ್ಮ ಬಾಯಿ ಕ್ರಿಯಾಪದದಲ್ಲಿ ಲಿಂಗ ಹುಡುಕುತ್ತೆ, ಸಿಗುವುದಿಲ್ಲ. ಗುಣಪದದಲ್ಲಿ ಮರೆತುಬಿಡುತ್ತೆ. 'ಅಮಿಗಾ ಕನ್ಸಾದೊ' ಅನ್ನುವ ತಪ್ಪು ಬರುವುದು ಹೀಗೆ. ತಪ್ಪಿನ ಬೇರು ಗೊತ್ತಾದ ಮೇಲೆ ನನಗೆ ಅರ್ಧ ವಾಸಿಯಾಯಿತು.

ಗಂಡಸರು ಹೆಂಗಸರು ಕೂಡಿದ್ದರೆ?

'ಅಮಿಗೊಸ್'. ಹತ್ತು ಹೆಂಗಸರ ನಡುವೆ ಒಬ್ಬ ಗಂಡಸು ನಿಂತಿದ್ದರೂ ವ್ಯಾಕರಣ ಅವನ ಕಡೆ ವಾಲುತ್ತೆ. ಇದು ಸರಿಯಲ್ಲ ಅನ್ನುವ ಹೊಸ ತಲೆಮಾರಿನವರು 'ಅಮಿಗೆಸ್' ಅಂತ ಬಳಸುವುದುಂಟು. 1713ರಲ್ಲಿ ಶುರುವಾದ ಸ್ಪೇನಿನ ರಾಜ ಅಕಾಡೆಮಿ ಅದನ್ನು ಒಪ್ಪಿಲ್ಲ. ಕಲಿಯುವವರು 'ಅಮಿಗೊಸ್' ಅನ್ನಿ, ಮತ್ತೊಂದು ಕಿವಿಗೆ ಬಿದ್ದರೆ ಬೆಚ್ಚಬೇಡಿ.

'ಎಲ್ ಅಮಿಗಾ'ನೋ 'ಲಾ ಅಮಿಗಾ'ನೋ? ನೀರಿಗೆ 'ಎಲ್ ಆಗ್ವಾ' ಅಂತಾರಲ್ಲ?

'ಲಾ ಅಮಿಗಾ'. 'ಎಲ್', 'ಲಾ' ಅಂದರೆ ಇಂಗ್ಲಿಷಿನ 'ದಿ' ಇದ್ದ ಹಾಗೆ: ಪುಲ್ಲಿಂಗಕ್ಕೆ 'ಎಲ್', ಸ್ತ್ರೀಲಿಂಗಕ್ಕೆ 'ಲಾ'. ನೀರು ಅವರಲ್ಲಿ ಸ್ತ್ರೀಲಿಂಗವೇ. ಆದರೆ ಒತ್ತುಳ್ಳ 'ಆ' ಮೊದಲಿಗೇ ಬಂದರೆ 'ಲಾ' ಬದಲು 'ಎಲ್' ಹಾಕುತ್ತಾರೆ. ಅಮಿಗಾದಲ್ಲಿ ಒತ್ತು 'ಮಿ' ಮೇಲಿದೆ, ಹಾಗಾಗಿ ಆ ನಿಯಮ ಇಲ್ಲಿಗೆ ಬರುವುದಿಲ್ಲ.

'ನಮ್ಮ ದೋಸ್ತ ಬಂದಾನ' ಅನ್ನೋದನ್ನ ಹೇಗೆ ಹೇಳೋದು?

ಇದು ನಮ್ಮ ಕಡೆಯವರು ಬೀಳುವ ಮೊದಲ ಗುಂಡಿ. ನಾವು 'ನನ್ನ' ಅನ್ನುವುದೇ ಕಡಿಮೆ. ನಮ್ಮ ಮನಿ, ನಮ್ಮ ಹೊಲ, ನಮ್ಮವ್ವ, ನಮ್ಮ ದೋಸ್ತ. ಇದನ್ನು ಹಾಗೇ ತೆಗೆದುಕೊಂಡು 'ನುಯೆಸ್ತ್ರೊ ಅಮಿಗೊ' ಅಂದರೆ, ನನಗೂ ನಿಮಗೂ ಇಬ್ಬರಿಗೂ ಗೆಳೆಯನಾದವನು ಅಂತ ಕೇಳುವವರು ತಿಳಿಯುತ್ತಾರೆ. 'ಯಾರು? ನನಗೆ ಗೊತ್ತಿರೋರಾ?' ಅಂತ ಹುಬ್ಬೇರಿಸುತ್ತಾರೆ. ಒಬ್ಬರ ಗೆಳೆಯನಾದರೆ 'ಮಿ ಅಮಿಗೊ' ಅನ್ನಿ. 'ನಮ್ಮ ಗೆಳೆಯ ಒಬ್ಬಾನ ಅದಾನ' ಅನ್ನುವ ಧಾಟಿ ಬೇಕಾದರೆ 'ಉನ್ ಅಮಿಗೊ ಮಿಯೊ', ಗೆಳತಿಯಾದರೆ 'ಉನಾ ಅಮಿಗಾ ಮಿಯಾ'.

ಇನ್ನೊಂದು ಗುಂಡಿ ಗೌರವದ್ದು. 'ನಮ್ಮ ಗೆಳೆಯರು ಬಂದಾರ' ಅಂತ ಒಬ್ಬರೇ ಹಿರಿಯರಿಗೆ ನಾವು ಬಹುವಚನ ಹಾಕುತ್ತೇವೆ. ಸ್ಪ್ಯಾನಿಷ್‌ನಲ್ಲಿ 'ಮಿಸ್ ಅಮಿಗೊಸ್' ಅಂದರೆ ಬಹಳ ಜನ ಅಂತಲೇ. ಒಮ್ಮೆ ನಾನು ಹೀಗೆ ಹೇಳಿದ್ದಕ್ಕೆ ಊಟಕ್ಕೆ ಕರೆದವರು ನಾಲ್ಕು ತಟ್ಟೆ ಹೆಚ್ಚಿಗೆ ಇಟ್ಟಿದ್ದರು.

'ಸು ಅಮಿಗೊ' ಬಗ್ಗೆಯೂ ಒಂದು ಮಾತು. ಅವನ ಗೆಳೆಯ, ಅವಳ ಗೆಳೆಯ, ಅವರ ಗೆಳೆಯ, ನಿಮ್ಮ ಗೆಳೆಯ ಎಲ್ಲಕ್ಕೂ ಅದೊಂದೇ. ಗೊಂದಲವಾದರೆ 'ಎಲ್ ಅಮಿಗೊ ದೆ ಎಯಾ' (ಅವಳ ಗೆಳೆಯ) ಅಂತ ಬಿಡಿಸಿ ಹೇಳುತ್ತಾರೆ. ಈ ವಿಷಯದಲ್ಲಿ ಕನ್ನಡವೇ ಸ್ವಚ್ಛ.

'ನನಗೆ ರಾಯಚೂರಿನಾಗ ಇಬ್ಬರು ಗೆಳೆಯರಿದ್ದಾರೆ' ಅನ್ನೋದು?

'ತೆಂಗೊ ದೊಸ್ ಅಮಿಗೊಸ್ ಎನ್ ರಾಯಚೂರು.' ಇಲ್ಲಿ 'ನನಗೆ' ಬರುವುದಿಲ್ಲ. 'ತೆಂಗೊ' ಅಂದರೆ 'ನಾನು ಹೊಂದಿದ್ದೇನೆ'. ಕನ್ನಡದಲ್ಲಿ ಹೀಗೆ ಹೇಳಿದರೆ ಬ್ಯಾಂಕಿನ ಅರ್ಜಿ ಓದಿದಂತಾಗುತ್ತೆ, ಅವರಲ್ಲಿ ಅದೇ ಮನೆಮಾತು. ನೆನಪಿಗೆ ಬಾರದಿದ್ದರೆ ತೆಂಗಿನಮರ ನೆನೆಸಿಕೊಳ್ಳಿ. 'ದೊಸ್' ಅಂದರೆ ಎರಡು.

'ಗೆಳೆಯನನ್ನ ನೋಡಿದೆ' ಅನ್ನುವಾಗ ನಡುವೆ ಒಂದು 'ಆ' ಯಾಕೆ ಬರುತ್ತೆ?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಖುಷಿ, ಯಾಕೆಂದರೆ ಉತ್ತರ ನಮ್ಮ ಬಾಯಲ್ಲೇ ಇದೆ. ಇಂಗ್ಲಿಷ್ ಬಲ್ಲವರು ಇದಕ್ಕೆ ತಲೆ ಕೆರೆದುಕೊಳ್ಳುತ್ತಾರೆ.

'ಹೊಳಿ ನೋಡಿದೆ' ಅನ್ನುತ್ತೀರಿ. 'ಹೊಳಿಯನ್ನ' ಅನ್ನಬೇಕಾಗಿಲ್ಲ. ಆದರೆ 'ದೋಸ್ತ ನೋಡಿದೆ' ಅನ್ನುತ್ತೀರಾ? ಇಲ್ಲ, 'ದೋಸ್ತನ್ನ ನೋಡಿದೆ' ಅಂತಲೇ ಅನ್ನಬೇಕು. ವಸ್ತುವಾದರೆ 'ಅನ್ನು' ಬಿಟ್ಟರೂ ನಡೆಯುತ್ತೆ, ಮನುಷ್ಯನಾದರೆ ನಡೆಯುವುದಿಲ್ಲ. ಸ್ಪ್ಯಾನಿಷ್‌ನ ಆ 'ಆ' ಮಾಡುವುದೂ ಈ ಕೆಲಸವನ್ನೇ. 'ಬಿ ಎಲ್ ರಿಯೊ' ಅಂದರೆ ಹೊಳಿ ನೋಡಿದೆ. 'ಬಿ ಆ ಮಿ ಅಮಿಗೊ' ಅಂದರೆ ನನ್ನ ಗೆಳೆಯನನ್ನು ನೋಡಿದೆ.

ಸಾಮ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. 'ಒಬ್ಬ ಡ್ರೈವರ್ ಹುಡುಕಾಕತ್ತೀನಿ' ಅಂದರೆ ಯಾರಾದರೂ ಸರಿ. 'ನಮ್ಮ ಡ್ರೈವರ್‌ನ ಹುಡುಕಾಕತ್ತೀನಿ' ಅಂದರೆ ಗೊತ್ತಿರುವ ಒಬ್ಬನನ್ನು. ಅವರಲ್ಲೂ 'ಬುಸ್ಕೊ ಉನ್ ಚೊಫೆರ್' ಅಂದರೆ ಯಾವನಾದರೂ ಡ್ರೈವರ್, 'ಬುಸ್ಕೊ ಆ ಮಿ ಅಮಿಗೊ' ಅಂದರೆ ಇಂಥವನೇ ಗೆಳೆಯ. ಹಿಂದಿನ ಪ್ರಶ್ನೆಯ 'ತೆಂಗೊ' ಜೊತೆ ಮಾತ್ರ ಈ 'ಆ' ಸಾಮಾನ್ಯವಾಗಿ ಬರುವುದಿಲ್ಲ.

ಹಾಗಾದರೆ 'ಗೆಳೆಯನಿಗೆ ಚಹಾ ಇಷ್ಟ' ಅನ್ನೋದೂ ನಮ್ಮ ಹಾಗೇನಾ?

ಹೌದು, ಅಚ್ಚು ಹೊಡೆದ ಹಾಗೆ. 'ಆ ಮಿ ಅಮಿಗೊ ಲೆ ಗುಸ್ತಾ ಎಲ್ ತೆ.' ನನ್ನ ಗೆಳೆಯನಿಗೆ, ಅವನಿಗೆ, ಹಿಡಿಸುತ್ತೆ, ಚಹಾ. ಇಷ್ಟಪಡುವವನು ಚತುರ್ಥಿಯಲ್ಲಿ ಕೂತಿದ್ದಾನೆ, ಚಹಾ ಕರ್ತೃವಾಗಿದೆ. ಗೆಳತಿಯಾದರೂ 'ಲೆ' ಬದಲಾಗುವುದಿಲ್ಲ: 'ಆ ಮಿ ಅಮಿಗಾ ಲೆ ಗುಸ್ತಾ ಎಲ್ ತೆ'.

ಒಂದು ಎಚ್ಚರಿಕೆ. 'ಮೆ ಗುಸ್ತಾ ಮಿ ಅಮಿಗಾ' ಅಂತ ಹೇಳಬೇಡಿ. ಚಹಾ ಇಷ್ಟ ಅಂದರೆ ಚಹಾ ಇಷ್ಟ. ಗೆಳತಿಯನ್ನು ಆ ಕ್ರಿಯಾಪದಕ್ಕೆ ಕಟ್ಟಿದರೆ ಮನಸ್ಸು ಹೋಗಿದೆ ಅನ್ನುವ ಅರ್ಥ ಬರುತ್ತೆ. ಸುಮ್ಮನೆ 'ಒಳ್ಳೆ ಮನುಷ್ಯ, ನನಗೆ ಸೇರತಾನ' ಅನ್ನಬೇಕಾದರೆ 'ಮೆ ಕಾಎ ಬಿಯೆನ್'. ಅಕ್ಷರಕ್ಕೆ ಅಕ್ಷರ ಇಟ್ಟರೆ 'ನನಗೆ ಚೆನ್ನಾಗಿ ಬೀಳುತ್ತಾನೆ'. ಸೇರದವನು 'ಮೆ ಕಾಎ ಮಾಲ್', ಕೆಟ್ಟದಾಗಿ ಬೀಳುತ್ತಾನೆ.

'ಎಸ್' ಯಾವಾಗ, 'ಎಸ್ತಾ' ಯಾವಾಗ?

ಎರಡೂ 'ಇರು' ಎಂಬುದರ ರೂಪಗಳೇ. ಪುಸ್ತಕಗಳಲ್ಲಿ ಪುಟಗಟ್ಟಲೆ ವಿವರಣೆ ಇರುತ್ತೆ. ನಾನು ಹುಡುಗರಿಗೆ ಕೊಡುವ ಕೈಮದ್ದು ಇದು: ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದಿದ್ದರೆ 'ಎಸ್', 'ಇದ್ದಾನೆ' ಇದ್ದರೆ 'ಎಸ್ತಾ'. 'ಅವನು ನನ್ನ ಗೆಳೆಯ' ಎಂಬಲ್ಲಿ ಕ್ರಿಯಾಪದ ಇಲ್ಲ, ಆದ್ದರಿಂದ 'ಎಸ್ ಮಿ ಅಮಿಗೊ'. 'ನನ್ನ ಗೆಳೆಯ ಕೊಪ್ಪಳದಾಗ ಇದ್ದಾನ' ಎಂಬಲ್ಲಿ ಇದೆ, ಆದ್ದರಿಂದ 'ಮಿ ಅಮಿಗೊ ಎಸ್ತಾ ಎನ್ ಕೊಪ್ಪಳ'. ಇದು ಎಲ್ಲ ಕಡೆ ಹೊಂದುವುದಿಲ್ಲ. 'ಎತ್ತರ ಇದ್ದಾನ' ಅನ್ನಲು 'ಎಸ್ ಆಲ್ತೊ' ಅನ್ನಬೇಕು, ಎತ್ತರ ಹುಟ್ಟುಗುಣವಾದ್ದರಿಂದ. ಆದರೂ ಹತ್ತರಲ್ಲಿ ಏಳು ಸಲ ಈ ಮದ್ದು ಕೆಲಸ ಮಾಡುತ್ತೆ.

ನಮ್ಮಲ್ಲಿ ಕ್ರಿಯಾಪದ ಇಲ್ಲದ ಕಾರಣಕ್ಕೇ 'ಎಲ್ ಮಿ ಅಮಿಗೊ' (ಇಲ್ಲಿ 'ಎಲ್' ಅಂದರೆ ಅವನು) ಅಂತ 'ಎಸ್' ನುಂಗಿಬಿಡುವುದು ಇನ್ನೊಂದು ಮಾಮೂಲು ತಪ್ಪು. ಅದನ್ನು ನುಂಗಬಾರದು. 'ಅವನು' ಅನ್ನುವುದನ್ನು ಬೇಕಾದರೆ ಬಿಡಬಹುದು, ನಾವು 'ಬಂದೆ' ಅಂದರೆ 'ನಾನು' ಬೇಡವಾಗುವ ಹಾಗೆ.

'ಹಳೇ ಗೆಳೆಯ' ಅನ್ನಲು ಹೋಗಿ ಎಲ್ಲರೂ ನಕ್ಕರು. ಯಾಕೆ?

ನಿಮ್ಮ ನೋವು ನನಗೆ ಗೊತ್ತು. 'ಬಿಯೆಹೊ' ಅಂದರೆ ಹಳೆಯ, ಮುದಿ ಎರಡೂ. ಹೆಸರಿನ ಮುಂದೆ ಬಂದರೆ ಗೆಳೆತನ ಹಳೆಯದು: 'ಉನ್ ಬಿಯೆಹೊ ಅಮಿಗೊ'. ಹಿಂದೆ ಬಂದರೆ ಮನುಷ್ಯನಿಗೇ ವಯಸ್ಸಾಗಿದೆ: 'ಉನ್ ಅಮಿಗೊ ಬಿಯೆಹೊ'. ಸಣಾಪುರದಲ್ಲಿ ಹರಿಗೋಲು ಹಾಕುವ ನನ್ನ ದೋಸ್ತನನ್ನು ನಾನು ಒಂದು ಕುಟುಂಬಕ್ಕೆ 'ಅಮಿಗೊ ಬಿಯೆಹೊ' ಅಂತ ಪರಿಚಯ ಮಾಡಿಕೊಟ್ಟೆ. ಅವನಿಗೆ ಇಪ್ಪತ್ತೆಂಟು. ಆ ಮನೆಯ ಅಜ್ಜಿ ಅವನ ಕೈಯಿಂದ ಹುಟ್ಟು ಇಸಿದುಕೊಂಡು, ನೀನು ಕೂತ್ಕೊ ಅಂತ ಸನ್ನೆ ಮಾಡಿದಳು. ಬೇಕಂತಲೇ ಮಾಡಿದ ತಮಾಷೆ. ಅವನು ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಇದರ ಜೊತೆ 'ಮೆಹೊರ್ ಅಮಿಗೊ' (ಜೀವದ ಗೆಳೆಯ), 'ಬುಯೆನ್ ಅಮಿಗೊ' (ಒಳ್ಳೆ ಗೆಳೆಯ), 'ಅಮಿಗೊ ದೆ ಲಾ ಇನ್ಫನ್ಸಿಯಾ' (ಬಾಲ್ಯದ ಗೆಳೆಯ) ಕಲಿತುಕೊಳ್ಳಿ.

'ನಾವು ಗೆಳೆಯರಾಗಿ ಹತ್ತು ವರ್ಷ ಆತು' ಅಂತ ಹೇಗೆ?

'ಆಸೆ ದಿಯೆಸ್ ಆನ್ಯೊಸ್ ಕೆ ಸೊಮೊಸ್ ಅಮಿಗೊಸ್.' ಹತ್ತು ವರ್ಷ 'ಆಯಿತು' ಅನ್ನುವ ಜಾಗದಲ್ಲಿ ಅವರು 'ಮಾಡುತ್ತೆ' ಅನ್ನುವ ಕ್ರಿಯಾಪದ ಇಡುತ್ತಾರೆ. ಅದು ನಮ್ಮ ಕಿವಿಗೆ 'ಆಸೆ' ಅಂತಲೇ ಕೇಳುತ್ತೆ. ಸ್ಪೇನಿನ ಬಹುಪಾಲು ಕಡೆ 'ಆಥೆ'. ಹಂಪಿಯಲ್ಲಿ ಗೆಳೆಯರಾದೆವು ಅನ್ನಲು 'ನೊಸ್ ಇಸಿಮೊಸ್ ಅಮಿಗೊಸ್ ಎನ್ ಹಂಪಿ'.

'ಕೊನ್ಮಿಗೊ' ಅಂದರೆ 'ಗೆಳೆಯನ ಜೊತೆ' ಅಲ್ವಾ?

ಅಲ್ಲ, 'ನನ್ನ ಜೊತೆ'. 'ಬೆನ್ ಕೊನ್ಮಿಗೊ' ಅಂದರೆ ನನ್ನ ಜೊತೆ ಬಾ. ಗೆಳೆಯನ ಜೊತೆ ಅನ್ನಲು 'ಕೊನ್ ಮಿ ಅಮಿಗೊ'. ಬೇಗ ಹೇಳಿದರೆ ನಡುವಿನ 'ಅಮಿ' ಅಷ್ಟೇ ವ್ಯತ್ಯಾಸ. ಅದನ್ನು ನುಂಗಿದರೆ ಇಬ್ಬರು ಹೋಗಬೇಕಾದಲ್ಲಿ ನೀವೊಬ್ಬರೇ ಹೋಗಬೇಕಾದೀತು.

ಪರದೇಶದವರು ಕಂಡ ಕೂಡಲೇ 'ಅಮಿಗೊ ಅಮಿಗೊ' ಅಂತ ಕರೆದರೆ ತಪ್ಪಾ?

ಆನೆಗೊಂದಿ ಕಡೆಯ ಆಟೊ ಹುಡುಗರಿಗೆ ನಾನು ಮುಲಾಜಿಲ್ಲದೆ ಹೇಳುವುದು ಇದನ್ನೇ: ಬೇಡ. ಮೊದಲನೆಯದಾಗಿ, ಬಿಳಿ ತೊಗಲಿನವರೆಲ್ಲ ಸ್ಪ್ಯಾನಿಷ್‌ನವರಲ್ಲ. ಫ್ರಾನ್ಸಿನವರಿಗೋ ಇಸ್ರೇಲಿನವರಿಗೋ 'ಅಮಿಗೊ' ಅಂದರೆ, ಮಂಗಳೂರಿನ ತುಳುವರನ್ನು ಯಾರೋ 'ಕ್ಯಾ ರೇ ಭಾಯಿ' ಅಂದ ಹಾಗೆ. ಎರಡನೆಯದಾಗಿ, ಪ್ರವಾಸಿ ಜಾಗಗಳಲ್ಲಿ ಮೈಮೇಲೆ ಬಿದ್ದು ಮಾರುವವರ ಬಾಯಲ್ಲಿ ಅದೇ ಪದ ಕೇಳಿ ಕೇಳಿ ಅವರಿಗೆ ರೋಸಿದೆ. ಪದದಲ್ಲಿ ತಪ್ಪಿಲ್ಲ, ಅದನ್ನು ಬಳಸುವ ಹೊತ್ತು ತಪ್ಪು.

ಮೆಕ್ಸಿಕೊದಲ್ಲಿ ಅಂಗಡಿಯವನಿಗೆ ಗಿರಾಕಿ, ಗಿರಾಕಿಗೆ ಅಂಗಡಿಯವ 'ಅಮಿಗೊ' ಅನ್ನುವುದು ಮಾಮೂಲು. ನಾವು ಗುರುತಿಲ್ಲದವರಿಗೆ 'ಅಣ್ಣಾ', 'ಕಾಕಾ', 'ಯಕ್ಕಾ' ಅನ್ನುವ ಹಾಗೆ. ಆದರೆ ನಮ್ಮಲ್ಲಿ ವಯಸ್ಸು ನೋಡಿ ಕರೆಯುತ್ತೇವಲ್ಲ, ಆ ಬುದ್ಧಿಯನ್ನು ಇಲ್ಲೂ ಇಟ್ಟುಕೊಳ್ಳಿ. ಹಿರಿಯರಿಗೆ 'ಸೆನ್ಯೊರ್', 'ಸೆನ್ಯೊರಾ' ಅನ್ನಿ. ಮೊದಲು 'ಓಲಾ, ಬುಯೆನೊಸ್ ದಿಯಾಸ್' ಹೇಳಿ. ಬರೆಯುವಾಗ ಅದರಲ್ಲಿ ಹಕಾರ ಇರುತ್ತೆ, ಬಾಯಲ್ಲಿ ಬರುವುದಿಲ್ಲ. ಮಾತು ಒಂದು ಹದಕ್ಕೆ ಬಂದ ಮೇಲೆ, ಚಹಾ ಕುಡಿದು ಏಳುವಾಗ 'ಗ್ರಾಸಿಯಾಸ್, ಅಮಿಗೊ' ಅಂದು ನೋಡಿ. ಅದೇ ಪದ ಆಗ ಬೇರೆ ತೂಕದಲ್ಲಿ ಕೇಳುತ್ತೆ.

ನೀನು–ನೀವು ಭೇದ ಅವರಲ್ಲೂ ಇದೆಯಾ?

ಇದೆ. ನೀನು 'ತು', ನೀವು 'ಉಸ್ತೆದ್'. 'ತು ಎರೆಸ್ ಮಿ ಅಮಿಗೊ' ಅಂದರೆ ನೀನು ನನ್ನ ಗೆಳೆಯ. ಗೆಳೆಯರ ನಡುವೆ ಸಾಮಾನ್ಯವಾಗಿ 'ತು' ಸಾಕು. ಅರ್ಜೆಂಟೀನಾದವರು 'ತು' ಬದಲು 'ಬೊಸ್' ಅನ್ನುತ್ತಾರೆ, ಅದರ ಜೊತೆ ಕ್ರಿಯಾಪದವೂ ಬದಲಾಗುತ್ತೆ: 'ಬೊಸ್ ಸೊಸ್ ಮಿ ಅಮಿಗೊ'. ಕೊಲಂಬಿಯಾದ ಕೆಲವು ಕಡೆ ಮನೆಯವರ ನಡುವೆ, ಆಪ್ತರ ನಡುವೆಯೂ 'ಉಸ್ತೆದ್' ನಡೆಯುತ್ತೆ. ನಮ್ಮಲ್ಲೂ ಗಂಡ ಹೆಂಡತಿ 'ರೀ' ಅಂದುಕೊಂಡೇ ಸಂಸಾರ ಮಾಡುವುದಿಲ್ಲವೇ.

'ಏನಲೇ ದೋಸ್ತ' ಅನ್ನೋ ಥರದ ಮಾತು ಯಾವುದು?

ಅದು ಊರಿಂದ ಊರಿಗೆ ಬೇರೆ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, 40 ಕೋಟಿಗೂ ಹೆಚ್ಚು ಜನರ ತಾಯ್ನುಡಿ, ಒಂದೇ ದೋಸ್ತ ಸಾಲುವುದಿಲ್ಲ. ಮೆಕ್ಸಿಕೊದಲ್ಲಿ 'ಕ್ವಾತೆ': ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದದ್ದು, ಅವಳಿ ಅಂತಲೂ ಅರ್ಥ. ಕೊಲಂಬಿಯಾದಲ್ಲಿ 'ಪಾರ್ಸೆ', ವೆನೆಜುವೆಲಾದಲ್ಲಿ 'ಪಾನಾ', ಕ್ಯೂಬಾದಲ್ಲಿ 'ಅಸೆರೆ'. ಅರ್ಜೆಂಟೀನಾದ 'ಚೆ' ನಮ್ಮ 'ಲೇ' ಇದ್ದ ಹಾಗೆ, ಮಾತಿನ ತಲೆಗೋ ಬಾಲಕ್ಕೋ ಅಂಟಿಕೊಳ್ಳುತ್ತೆ. ಸ್ಪೇನಿನ ಹುಡುಗರು 'ತಿಯೊ' ಅನ್ನುತ್ತಾರೆ, ಅಂದರೆ ಮಾವ ಅಥವಾ ಕಾಕಾ. ಬಳ್ಳಾರಿ ಕಡೆ ತೆಲುಗು ಬೆರೆತ ಮಾತಿನಲ್ಲಿ ಗೆಳೆಯರು 'ಮಾವಾ' ಅಂದುಕೊಳ್ಳುವುದನ್ನು ಕೇಳಿದವರಿಗೆ ಇದು ವಿಚಿತ್ರ ಅನಿಸುವುದಿಲ್ಲ.

ಇವನ್ನು ಕೇಳಿ ತಿಳಿದುಕೊಳ್ಳಿ, ಮೊದಲ ದಿನವೇ ಬಾಯಿಗೆ ಹಾಕಿಕೊಳ್ಳಬೇಡಿ. ಹೊರಗಿನವನೊಬ್ಬ ಬಂದು ನಮ್ಮನ್ನು 'ಲೇ' ಅಂದರೆ ಹೇಗಿರುತ್ತೆ?

'ಅಮಿಗಾ' ಅಂದರೆ ಲವರ್ ಅಂತ ತಿಳಿದುಕೊಳ್ತಾರಾ?

ಇಲ್ಲ. ಅದಕ್ಕೆ 'ನೊಬಿಯಾ', ಹುಡುಗನಾದರೆ 'ನೊಬಿಯೊ' ಎಂಬ ಬೇರೆ ಪದಗಳಿವೆ. ನಮ್ಮಲ್ಲಿ 'ಗೆಳತಿ' ಅಂದ ಕೂಡಲೇ ಪಕ್ಕದವರು ಕಣ್ಣು ಮಿಟುಕಿಸುತ್ತಾರಲ್ಲ, ಆ ಕಾಟ 'ಅಮಿಗಾ'ಕ್ಕೆ ಕಡಿಮೆ. ಆದರೆ 'ಅಮಿಗಿತಾ' ಅಂತ ಮುದ್ದಿನ ರೂಪ ಬಳಸಿದರೆ, ಧ್ವನಿ ನೋಡಿಕೊಂಡು, ಕೊಂಕು ಹುಟ್ಟಬಹುದು. ಚಿಕ್ಕ ಮಕ್ಕಳಿಗೆ ಅಂದರೆ ಏನೂ ತೊಂದರೆ ಇಲ್ಲ. ಬರೀ ಮುಖಪರಿಚಯ ಇರುವವರು 'ಕೊನೊಸಿದೊ', ಕೆಲಸದ ಜೊತೆಗಾರರು 'ಕೊಂಪಾನ್ಯೆರೊ'.

ಈ 'ಕೊಂಪಾನ್ಯೆರೊ' ನನಗೆ ಬಹಳ ಸೇರಿದ ಪದ. ಲ್ಯಾಟಿನ್‌ನಲ್ಲಿ 'ಪಾನಿಸ್' ಅಂದರೆ ರೊಟ್ಟಿ. ಜೊತೆಗೆ ಕೂತು ರೊಟ್ಟಿ ತಿಂದವನೇ ಜೊತೆಗಾರ. ಬುತ್ತಿ ಬಿಚ್ಚಿ ಕಟಕ ರೊಟ್ಟಿ ಹರಿದು ಹಂಚುವ ನಮ್ಮ ಹೊಲದ ಬದುವಿನ ಮೇಲೆ ಆ ಪದ ಆರಾಮಾಗಿ ಕೂರುತ್ತೆ. ಇಬ್ಬರ ನಡುವೆ ಚೆನ್ನಾಗಿ ಹೊಂದಿಕೊಂಡರೆ 'ಅಸೆರ್ ಬುಯೆನಾಸ್ ಮಿಗಾಸ್' ಅನ್ನುತ್ತಾರೆ, ಒಳ್ಳೆ ರೊಟ್ಟಿ ಪುಡಿ ಮಾಡಿದರು ಅಂತ. 'ಮಿಗಾಸ್' ಸ್ಪೇನಿನ ಕುರಿಗಾರರ ಅಡುಗೆ: ಉಳಿದ ಒಣ ರೊಟ್ಟಿಯನ್ನು ಪುಡಿ ಮಾಡಿ ಬೆಳ್ಳುಳ್ಳಿ, ಎಣ್ಣೆ ಹಾಕಿ ಬಾಡಿಸುವುದು. ರೊಟ್ಟಿ ಮುಟಗಿ ತಿಂದು ಬೆಳೆದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. 'ಅಮಿಗಾಸ್', 'ಮಿಗಾಸ್' ಒಂದೇ ಪದ ಅಂತ ಮಾತ್ರ ತಿಳಿಯಬೇಡಿ, ಸದ್ದು ಕೂಡಿದೆ ಅಷ್ಟೇ.

ಗಾದೆ ಏನಾದರೂ ಇವೆಯಾ?

ಬಹಳ. 'ದಿಮೆ ಕೊನ್ ಕಿಯೆನ್ ಆಂದಾಸ್ ಇ ತೆ ದಿರೆ ಕಿಯೆನ್ ಎರೆಸ್': ಯಾರ ಜೊತೆ ಅಡ್ಡಾಡ್ತಿ ಹೇಳು, ನೀ ಯಾರಂತ ನಾ ಹೇಳ್ತೀನಿ. ಸಹವಾಸದಿಂದ ಸನ್ಯಾಸಿ ಕೆಟ್ಟ ಅನ್ನುವ ನಮ್ಮ ಗಾದೆಯ ಬೀಗ ಇದು. ಇನ್ನೊಂದು ವ್ಯಾಪಾರದ ಊರುಗಳಿಗೆ ಹೇಳಿ ಮಾಡಿಸಿದ್ದು: 'ಲಾಸ್ ಕುಯೆಂತಾಸ್ ಕ್ಲಾರಾಸ್ ಕೊನ್ಸೆರ್ಬಾನ್ ಲಾ ಅಮಿಸ್ತಾದ್', ಲೆಕ್ಕ ಚೊಕ್ಕ ಇದ್ದರೆ ಗೆಳೆತನ ಕೆಡುವುದಿಲ್ಲ. ಕೈಗಡ ಕೇಳಲು ಬಂದವರಿಗೆ ನಾನು ಇದನ್ನು ಸ್ಪ್ಯಾನಿಷ್‌ನಲ್ಲೇ ಹೇಳುತ್ತೇನೆ. ಅರ್ಥ ಆಗದೆ ಹೊರಟುಹೋಗುತ್ತಾರೆ.

ಹಂಪಿಯಲ್ಲಿ ಈ ಪದ ಮೊದಲೇ ಕೇಳಿರಬಹುದಾ?

ಸ್ಪ್ಯಾನಿಷ್ ಅಲ್ಲ, ಅದರ ಅಕ್ಕ ಪೋರ್ಚುಗೀಸ್ ಕೇಳಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ಡೊಮಿಂಗೊ ಪಾಯಸ್ ಬಂದ. 1530ರ ದಶಕದಲ್ಲಿ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ಪೋರ್ಚುಗೀಸ್‌ನಲ್ಲೂ ಗೆಳೆಯನಿಗೆ ಅದೇ ಪದ, ಅದೇ ಅಕ್ಷರ; ಈಗಿನ ಪೋರ್ಚುಗಲ್‌ನವರು 'ಅಮೀಗು' ಅನ್ನುತ್ತಾರೆ. ಕುದುರೆ ಚೌಕಾಸಿ ನಡೆದ ಬಜಾರಿನಲ್ಲಿ ಅದು ಒಮ್ಮೆಯೂ ಕಿವಿಗೆ ಬಿದ್ದಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಆ ಭಾಷೆ ಬಿಟ್ಟುಹೋದ ಪದಗಳು ನಮ್ಮ ಬಾಯಲ್ಲಿವೆ, ಅವುಗಳ ಸ್ಪ್ಯಾನಿಷ್ ಬೀಗರೂ ಇದ್ದಾರೆ. ನಾವು 'ಪಗಾರ' ಅನ್ನುತ್ತೇವೆ, ಅವರು ದುಡ್ಡು ಕೊಡುವುದಕ್ಕೆ 'ಪಗಾರ್' ಅನ್ನುತ್ತಾರೆ. ನಮ್ಮ 'ಮೇಸ್ತ್ರಿ' ಅವರ 'ಮಾಯೆಸ್ತ್ರೊ', ನಮ್ಮ 'ಚಾವಿ' ಅವರ 'ಯಾವೆ'. ಹೀಗೆ ಕಲಿತರೆ 'ಮಿ ಅಮಿಗೊ ಪಾಗಾ' (ನನ್ನ ಗೆಳೆಯ ದುಡ್ಡು ಕೊಡ್ತಾನ) ಅನ್ನುವ ಬಹು ಉಪಯೋಗದ ವಾಕ್ಯ ಮೊದಲ ವಾರದಲ್ಲೇ ಬರುತ್ತೆ.

ಮೆಸೇಜು, ಪತ್ರದಲ್ಲಿ ಹೇಗೆ ಬರೆಯಬೇಕು?

'ಕೆರಿದೊ ಅಮಿಗೊ' (ಪ್ರೀತಿಯ ಗೆಳೆಯ), 'ಕೆರಿದಾ ಅಮಿಗಾ' ಅಂತ ಶುರು ಮಾಡಿ, ಅದಾದ ಮೇಲೆ ಅಲ್ಪವಿರಾಮ ಅಲ್ಲ, ಎರಡು ಚುಕ್ಕಿ (:) ಇಡಿ. 'ಓಲಾ, ಅಮಿಗೊ' ಅಂತ ಕರೆಯುವಾಗ ನಡುವೆ ಅಲ್ಪವಿರಾಮ ಬೇಕು. ಪ್ರಶ್ನೆ ಕೇಳಿದರೆ ವಾಕ್ಯದ ತಲೆಯಲ್ಲೂ ಒಂದು ತಲೆಕೆಳಗಾದ ಪ್ರಶ್ನೆ ಚಿಹ್ನೆ ಬರುತ್ತೆ. ಕೊನೆಗೆ 'ಉನ್ ಅಬ್ರಾಸೊ', ಒಂದು ಅಪ್ಪುಗೆ. ಗಾಬರಿ ಬೇಡ, ಗಂಡಸರೂ ಗಂಡಸರಿಗೆ ಹೀಗೆ ಬರೆಯುತ್ತಾರೆ. ಅರ್ಜೆಂಟೀನಾದ ಗೆಳೆಯರಿದ್ದರೆ ಜುಲೈ 20ಕ್ಕೆ ಮರೆಯದೆ 'ಫೆಲಿಸ್ ದಿಯಾ, ಅಮಿಗೊ' ಕಳಿಸಿ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ದಿನವನ್ನು ಅವರು ಗೆಳೆಯರ ದಿನ ಮಾಡಿಕೊಂಡಿದ್ದಾರೆ. ವಿಶ್ವಸಂಸ್ಥೆಯದು ಜುಲೈ 30.

ಕ್ಲಾಸು, ಪರೀಕ್ಷೆ ಬೇಕೇ ಬೇಕಾ?

ಮಾತಾಡಲು ಬೇಡ. ಸರ್ಟಿಫಿಕೇಟ್ ಬೇಕಾದರೆ 'ದೆಲೆ' ಎಂಬ ಪರೀಕ್ಷೆ ಇದೆ, ಅದನ್ನು ನಡೆಸುವ ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ನವದೆಹಲಿಯಲ್ಲಿದೆ. ಅಲ್ಲಿಯವರೆಗೆ ನಿಮ್ಮದೇ ಒಬ್ಬ ದೋಸ್ತನ ಬಗ್ಗೆ ದಿನಾ ಮೂರು ವಾಕ್ಯ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳಿ: ಯಾರು, ಎಲ್ಲಿದ್ದಾನೆ, ಅವನಿಗೇನು ಇಷ್ಟ. ಎಸ್, ಎಸ್ತಾ, ಲೆ ಗುಸ್ತಾ, ಮೂರೂ ಬಂದುಹೋಗುತ್ತವೆ. ಮರುದಿನ ಅದನ್ನೇ ಗೆಳತಿಯ ಬಗ್ಗೆ ಹೇಳಿ.

'ಪ್ರೆಸಿಯೊ ದೆ ಅಮಿಗೊ' ಅಂತ ಪ್ರವಾಸಿಗರು ಕೇಳ್ತಾರೆ. ಏನದು?

ದೋಸ್ತಿ ರೇಟು. ಚೌಕಾಸಿಗೆ ಇಳಿದಿದ್ದಾರೆ ಅಂತ ಅರ್ಥ. ನನ್ನ ಹರಿಗೋಲಿನ ದೋಸ್ತ, ಅದೇ ಇಪ್ಪತ್ತೆಂಟರ 'ಮುದುಕ', ಈಗ ಇದಕ್ಕೆ ಉತ್ತರ ಕಲಿತಿದ್ದಾನೆ: 'ಲಾಸ್ ಕುಯೆಂತಾಸ್ ಕ್ಲಾರಾಸ್, ಅಮಿಗೊ.' ಅಂದು, ರೇಟ್ ಬರೆದ ಬೋರ್ಡಿನ ಕಡೆ ಬೆರಳು ತೋರಿಸುತ್ತಾನೆ.